ಹಸಿರುಮನೆಗೆ ವಿದ್ಯುತ್ತು

ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮ ಮಿತ್ರರೊಬ್ಬರು ತಮ್ಮ ಮನೆಯ ಹಿಂದಿನ ತೋಟದಲ್ಲಿ ಒಂದು ಚಿಕ್ಕ ಹಸಿರುಮನೆಯನ್ನು ಕಟ್ಟಿಸಿಕೊಂಡಿದ್ದಾರೆ. 20 ಅಡಿ ಉದ್ದ, 12 ಅಡಿ ಅಗಲ. ಕಬ್ಬಿಣದ ಚೌಕಟ್ಟು, ಅದರ ಮೇಲೆ ಬೆಳಕನ್ನು ಒಳಗೆ ಬಿಡುವ ಪ್ಲಾಸ್ಟಿಕ್ ಹೊದಿಕೆ. ಒಳಗೆ ಆಂಥೂರಿಯಂ, ಆರ್ಕಿಡ್, ಕೆಲವು ಸೇವಂತಿಗೆಯ ಕುಂಡಗಳು. ಒಂದು ದಿನ ಬೆಳಗ್ಗೆ ಅದನ್ನು ನೋಡಲು ನಾವು ಹೋದಾಗ ಅವರು ನಗುತ್ತ ಹೇಳಿದರು: “ಆ ನೀರಿನ ಕೊಳವೆಯನ್ನು ಮಾತ್ರ ಮುಟ್ಟಬೇಡಿ. ಬೆಳಗಿನ ಹೊತ್ತು ಸ್ವಲ್ಪ ಜುಮ್ಮೆನ್ನುತ್ತದೆ. ಮಧ್ಯಾಹ್ನವಾದರೆ ಏನೂ ಇಲ್ಲ.”

ವಿದ್ಯುತ್ ಕೆಲಸದವನನ್ನು ಕರೆಸಿ ತೋರಿಸಲಿಲ್ಲವೆ ಎಂದು ಕೇಳಿದೆವು. ತೋರಿಸಿದ್ದರು. ಅವನು ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ. ಕೊಳವೆಗೆ ಟೆಸ್ಟರ್ ಹಿಡಿದು ನೋಡಿ, ದೀಪ ಹತ್ತದಿದ್ದುದರಿಂದ ಏನೂ ದೋಷವಿಲ್ಲವೆಂದು ಹೇಳಿ ಹೊರಟುಹೋಗಿದ್ದ. ನಮ್ಮ ಮಿತ್ರರು ಸಮಾಧಾನ ಹೊಂದಿದ್ದರು. ನಮಗೆ ಮಾತ್ರ ಸಮಾಧಾನವಾಗಲಿಲ್ಲ. ಏಕೆಂದರೆ, ನಾವು ಮಾತನಾಡುತ್ತಿದ್ದ ಹೊತ್ತಿಗೆ ಅವರ ತಾಯಿಯವರು ಮಡಿಯುಟ್ಟು, ಬರಿಗಾಲಿನಲ್ಲಿ, ಪೂಜೆಗೆ ಹೂವು ಕೊಯ್ಯಲು ಆ ಹಸಿರುಮನೆಯ ಕಡೆಗೇ ಬರುತ್ತಿದ್ದರು. ಅವರನ್ನು ಬಾಗಿಲಿನಲ್ಲಿಯೇ ನಿಲ್ಲಿಸಿ, ಮೊದಲು ಮನೆಯೊಳಗಿನ ಸ್ವಿಚ್ಚನ್ನು ಆರಿಸಿಬಂದೆವು.

ಜುಮ್ಮೆನ್ನುವುದೆಂದರೇನು? ನಮ್ಮ ಕೈ ವಿದ್ಯುತ್ಪ್ರವಾಹವನ್ನು ಗುರುತಿಸಬೇಕಾದರೆ ಸುಮಾರು 1 ಮಿಲಿಆಂಪಿಯರ್, ಅಂದರೆ ಆಂಪಿಯರಿನ ಸಾವಿರದ ಒಂದು ಭಾಗ, ಹರಿದರೆ ಸಾಕು. ಇದರಿಂದ ಅಪಾಯವಿಲ್ಲ. ಆದರೆ ಇದೇ ಪ್ರವಾಹ ಹತ್ತು ಹದಿನೈದು ಪಟ್ಟು ಹೆಚ್ಚಾದಾಗ ಒಂದು ವಿಚಿತ್ರ ಸ್ಥಿತಿ ಒದಗುತ್ತದೆ. ಮುಂಗೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದ ವಸ್ತುವನ್ನು ಬಿಡಬೇಕೆಂದರೂ ಬಿಡಲಾಗುವುದಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜಿಯಲ್ ಎಂಬ ವಿಜ್ಞಾನಿ ತಾವಾಗಿ ಮುಂದೆ ಬಂದ ಆರೋಗ್ಯವಂತರ ಮೇಲೆ ಪ್ರಯೋಗ ನಡೆಸಿ ಈ ಮಿತಿಯನ್ನು ಅಳೆದರು. ಅದು ಸರಾಸರಿಯಲ್ಲಿ ಗಂಡಸರಿಗೆ 16 ಮಿಲಿಆಂಪಿಯರ್, ಹೆಂಗಸರಿಗೆ 10.5 ಮಿಲಿಆಂಪಿಯರ್ ಎಂದು ಕಂಡುಬಂದಿತು. ಇನ್ನೂ ಮೇಲೇರಿ ಪ್ರವಾಹವು ಐವತ್ತು ನೂರು ಮಿಲಿಆಂಪಿಯರಿನ ಆಸುಪಾಸಿಗೆ ಹೋಗಿ, ಕೆಲವು ಕ್ಷಣಗಳ ಕಾಲ ಎದೆಯ ಮೂಲಕ ಹರಿದರೆ, ಹೃದಯದ ಬಡಿತವು ತಾಳ ತಪ್ಪಿ, ಅದು ರಕ್ತವನ್ನು ದೂಡಲಾರದೆ ಸುಮ್ಮನೆ ಅದುರತೊಡಗುತ್ತದೆ. ಆಮೇಲೆ ಪ್ರಾಣ ಉಳಿಯುವುದು ಕಷ್ಟ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡಿನೋಡೋಣ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಚರ್ಮ ಒದ್ದೆಯಾಗಿರುವಾಗ ಮನುಷ್ಯದೇಹದ ರೋಧವನ್ನು ಸುಮಾರು 1000 ಓಮ್ ಎಂದಿಟ್ಟುಕೊಳ್ಳಬಹುದು. ಓಮನ ನಿಯಮದಂತೆ 230ನ್ನು 1000ದಿಂದ ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಬದುಕುವ ಮಿತಿಯನ್ನು ಇದು ಎಂದೋ ದಾಟಿದೆ. ಹಾಗಾದರೆ ನಮ್ಮ ಮಿತ್ರರಿಗೆ ಕೇವಲ ಜುಮ್ಮೆಂದದ್ದು ಏಕೆ? ಅವರು ಯಾವಾಗಲೂ ರಬ್ಬರು ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಬರುತ್ತಿದ್ದರು. ಆ ಚಪ್ಪಲಿಯ ಅಟ್ಟೆಯ ರೋಧ ಲಕ್ಷಗಟ್ಟಲೆ ಓಮ್. ಆ ಹಸಿರುಮನೆಯಲ್ಲಿ ಜೀವರಕ್ಷಣೆಗೆಂದು ಇದ್ದ ಏಕಮಾತ್ರ ಸಾಧನವೆಂದರೆ ಆ ಒಂದು ಜೊತೆ ಚಪ್ಪಲಿ! ಅವರ ತಾಯಿಯವರಿಗೆ ಅದೂ ಇರಲಿಲ್ಲ.

ಮನೆಯೊಳಗೆ ವರ್ಷಗಟ್ಟಲೆ ತೊಂದರೆ ಕೊಡದ ತಂತಿ ಹಸಿರುಮನೆಯಲ್ಲಿ ಹೀಗೇಕೆ ಮಾಡುತ್ತದೆ ಎಂಬುದು ಸಹಜವಾದ ಪ್ರಶ್ನೆ. ಕೋಣೆಯಲ್ಲಿ ನೆಲ ಒಣಗಿರುತ್ತದೆ, ಕೈ ಒಣಗಿರುತ್ತದೆ, ಕೈಗೆಟಕುವ ಲೋಹ ಕಡಿಮೆ. ಹಸಿರುಮನೆಯಲ್ಲಿ ಈ ಮೂರೂ ತಲೆಕೆಳಗು. ಕಾಲಡಿಯಲ್ಲಿ ಹಸಿಮಣ್ಣು, ಕೈಯಲ್ಲಿ ನೀರು, ಸುತ್ತಲೂ ಕಬ್ಬಿಣ. ಗಾಳಿಯೂ ಆವಿಯಿಂದ ತುಂಬಿರುತ್ತದೆ. ತುಂಬಿರಲೆಂದೇ ಅಲ್ಲವೆ ನಾವು ಅದನ್ನು ಕಟ್ಟುವುದು? ಗಿಡಕ್ಕೆ ಹಿತವಾದುದೆಲ್ಲ ವಿದ್ಯುದವಾಹಕ ಹೊದಿಕೆಗೆ ಅಹಿತ. ಲಾಲ್‌ಬಾಗಿನ ಪ್ರಸಿದ್ಧ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ; ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಹತ್ತಿದ್ದು 1905ರಲ್ಲಿ. ವಿದ್ಯುತ್ತಿಲ್ಲದೆಯೂ ಗಿಡಗಳು ಬೆಳೆಯುತ್ತಿದ್ದುವೆಂಬುದನ್ನು ಮರೆಯಬಾರದು. ಆದರೆ ಬೇಸಗೆಯಲ್ಲಿ ಬಿಸಿಗಾಳಿಯನ್ನು ಹೊರದೂಡುವ ಫ್ಯಾನು, ಮಂಜಿನಂತೆ ನೀರನ್ನು ಚಿಮುಕಿಸುವ ಪಂಪು, ರಾತ್ರಿಯ ದೀಪ ಇವು ಬೇಕೆಂದಾದರೆ ವಿದ್ಯುತ್ತು ಬರಲೇಬೇಕು.

ಮಿತ್ರರ ಹಸಿರುಮನೆಗೆ ಅದು ಬಂದಿದ್ದ ರೀತಿಯನ್ನು ನೋಡಿ ನಾವು ಬೆರಗಾದೆವು. ಮನೆಯ ಅಡುಗೆಕೋಣೆಯ ಪ್ಲಗ್ಗಿನಿಂದ ಹೊರಟ ತೆಳುವಾದ ತಂತಿಯೊಂದು ಕಿಟಕಿಯಿಂದ ಹೊರಬಿದ್ದು, ಸೀಬೆಮರದ ಕೊಂಬೆಗೆ ಒಂದು ಸುತ್ತು ಹಾಕಿಕೊಂಡು, 25 ಮೀಟರು ದೂರ ಸಾಗಿ ಹಸಿರುಮನೆಯನ್ನು ಸೇರುತ್ತಿತ್ತು. ತಂತಿಯಲ್ಲಿ ಇದ್ದುವು ಎರಡೇ ಎಳೆ. ಭೂಸಂಪರ್ಕದ ಮೂರನೆಯ ಎಳೆಯೇ ಇರಲಿಲ್ಲ. ಪ್ಲಗ್ಗಿಗೆ ಮೂರು ಕಾಲುಗಳಿದ್ದರೂ ಮೂರನೆಯದು ಅಲಂಕಾರಕ್ಕೆ ಮಾತ್ರ. ಪಂಪನ್ನು ಮರದ ಹಲಗೆಯ ಮೇಲೆ ಕೂರಿಸಿದ್ದರಿಂದ ಅದಕ್ಕೂ ಅದರಿಂದ ಹೊರಟ ಕಬ್ಬಿಣದ ಕೊಳವೆಗೂ ನೆಲದೊಡನೆ ಸಂಬಂಧವಿರಲಿಲ್ಲ. ಪಂಪಿನ ತಂತಿಗಳನ್ನು ಜೋಡಿಸುವ ಪುಟ್ಟ ಪೆಟ್ಟಿಗೆಯ ಮುಚ್ಚಳವನ್ನು ತೆರೆದಾಗ ಬೆಳಗಿನ ಜುಮ್ಮಿನ ಗುಟ್ಟು ಬಯಲಾಯಿತು. ಒಳಗೆ ಸಣ್ಣ ಸಣ್ಣ ನೀರಹನಿಗಳು. ಅವುಗಳ ಕೆಳಗೆ ಬಿಳಿಯ ಪುಡಿಯ ತೆಳುವಾದ ಪೊರೆ.

ಈ ಪೊರೆ ಗೊಬ್ಬರದ ಉಪ್ಪು. ಶುದ್ಧವಾದ ನೀರು ವಿದ್ಯುತ್ತನ್ನು ಅಷ್ಟಾಗಿ ಒಯ್ಯುವುದಿಲ್ಲ. ಅದರಲ್ಲಿ ಕರಗಿದ ಲವಣಗಳ ಅಯಾನುಗಳೇ ವಾಹಕಗಳು. ಹಸಿರುಮನೆಯ ನೀರಿನಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಮೊದಲಾದುವನ್ನು ನಾವೇ ಬೆರೆಸಿ ಚಿಮುಕಿಸುತ್ತೇವೆ. ನೀರು ಆರಿದ ಮೇಲೆ ಲವಣ ಉಳಿಯುತ್ತದೆ. ರಾತ್ರಿ ಪೆಟ್ಟಿಗೆ ತಣ್ಣಗಾದಾಗ ಒಳಗಿನ ಆವಿ ಸಾಂದ್ರಿಸಿ ಹನಿಗಟ್ಟುತ್ತದೆ; ಆ ಹನಿಗೆ ಲವಣ ಕರಗಿ, ಜೀವಂತ ತಂತಿಯಿಂದ ಪಂಪಿನ ಕವಚಕ್ಕೆ ಒಂದು ತೆಳುವಾದ ಹಾದಿ ಏರ್ಪಡುತ್ತದೆ. ಬಿಸಿಲೇರಿದಂತೆ ಎಲ್ಲವೂ ಆರಿ ಹಾದಿ ಮುಚ್ಚಿಹೋಗುತ್ತದೆ. ಮಧ್ಯಾಹ್ನ ಬಂದ ಕೆಲಸದವನಿಗೆ ದೋಷ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಈ ದೋಷ ಹೀಗೆಯೇ ಉಳಿಯುವಂಥದಲ್ಲ. ಸೋರುವ ಪ್ರವಾಹ ಪೆಟ್ಟಿಗೆಯ ಪ್ಲಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವಾಗಿ ಸುಟ್ಟು ಇಂಗಾಲದ ಗೆರೆಯೊಂದನ್ನು ಎಳೆಯುತ್ತ ಹೋಗುತ್ತದೆ. ಆ ಗೆರೆ ಪೂರ್ಣವಾದ ದಿನ ಕೊಳವೆಯ ಮೇಲೆ ಇಡೀ 230 ವೋಲ್ಟು ಬಂದು ಕೂರುತ್ತದೆ, ಬೆಳಗಾಗಲಿ ಮಧ್ಯಾಹ್ನವಾಗಲಿ.

“ಹಾಗಾದರೆ ಪಂಪಿನ ಪಕ್ಕದಲ್ಲಿ ಒಂದು ಕಂಬಿ ನೆಟ್ಟು ಭೂಸಂಪರ್ಕ ಕೊಟ್ಟುಬಿಡೋಣ, ಮುಗಿಯಿತಲ್ಲ?” ಎಂದರು ಮಿತ್ರರು. ಶಾಲೆಯಲ್ಲಿ ಕಲಿತ ಬಹುಮಂದಿ ಹೀಗೆಯೇ ಹೇಳುತ್ತಾರೆ. ಇಲ್ಲಿ ವಾಚಕರು ಸ್ವಲ್ಪ ನಿಂತು ಯೋಚಿಸಬೇಕೆಂದು ಕೋರುತ್ತೇವೆ.

ತೋಟದಲ್ಲಿ ನೆಟ್ಟ ಒಂದು ಕಂಬಿಗೂ ಭೂಮಿಗೂ ನಡುವಣ ರೋಧ ಮಣ್ಣಿನ ಗುಣವನ್ನು ಅನುಸರಿಸಿ ಹೆಚ್ಚು ಕಡಮೆಯಾಗುತ್ತದೆ. 40 ಓಮ್ ಇರುವುದು ಅಸಾಧಾರಣವೇನೂ ಅಲ್ಲ. ಪಂಪಿನಿಂದ ಸೋರಿದ ಪ್ರವಾಹ ಈ ಕಂಬಿಯ ಮೂಲಕ ಭೂಮಿಯನ್ನು ಹೊಕ್ಕು, ಬೀದಿಯ ಟ್ರಾನ್ಸ್‌ಫಾರ್ಮರಿನ ಭೂಸಂಪರ್ಕದ ಮೂಲಕ ಮೇಲೇರಿ ತನ್ನ ಸುತ್ತನ್ನು ಮುಗಿಸಬೇಕು. ಟ್ರಾನ್ಸ್‌ಫಾರ್ಮರಿನ ಕಡೆಯ ರೋಧ 2 ಓಮ್ ಎಂದುಕೊಂಡರೆ ಒಟ್ಟು 42 ಓಮ್. 230ನ್ನು 42ರಿಂದ ಭಾಗಿಸಿದರೆ ಸುಮಾರು 5.5 ಆಂಪಿಯರ್. ಹಸಿರುಮನೆಯ ತಂತಿಗೆ 10 ಆಂಪಿಯರಿನ ಫ್ಯೂಸನ್ನು ಹಾಕಿರುತ್ತೇವೆ. ಐದೂವರೆ ಆಂಪಿಯರಿಗೆ ಅದು ಕರಗುವುದೆ? ಇಲ್ಲ, ಅದಕ್ಕೆ ಇದೊಂದು ಸಾಮಾನ್ಯ ಹೊರೆ. ಫ್ಯೂಸಿನ ಬದಲು ಈಗಿನ ಎಂ.ಸಿ.ಬಿ. ಇದ್ದರೂ ಅಷ್ಟೇ. ಆ ಹೊತ್ತಿನಲ್ಲಿ ಕೊಳವೆಯ ವೋಲ್ಟೇಜು ಎಷ್ಟು? 5.5ನ್ನು 40ರಿಂದ ಗುಣಿಸಿ. 220 ವೋಲ್ಟಿನ ಹತ್ತಿರ! ಭೂಸಂಪರ್ಕವನ್ನು ಕೊಟ್ಟೂ ಕೊಳವೆ ಹೆಚ್ಚುಕಡಮೆ ಮೊದಲಿನಷ್ಟೇ ಅಪಾಯಕರವಾಗಿದೆ. ಫ್ಯೂಸು ಹೋಗುವುದಿಲ್ಲ, ದೀಪ ಆರುವುದಿಲ್ಲ, ಪಂಪು ನಿಲ್ಲುವುದಿಲ್ಲ. ಹಗಲೂ ರಾತ್ರಿ ಒಂದೂಕಾಲು ಕಿಲೋವಾಟಿನಷ್ಟು ಶಕ್ತಿ ತೋಟದ ಮಣ್ಣನ್ನು ಕಾಯಿಸುತ್ತಿರುತ್ತದೆ. ತಿಂಗಳ ಕೊನೆಗೆ ಬಿಲ್ಲು ಬಂದಾಗಲಷ್ಟೇ ಅದರ ಸುಳಿವು ಹತ್ತಬೇಕು.

ಫ್ಯೂಸು ಇರುವುದು ತಂತಿಯನ್ನು ಕಾಪಾಡಲು. ಮನುಷ್ಯನನ್ನು ಕಾಪಾಡಲು ಅಲ್ಲ. ಹತ್ತು ಆಂಪಿಯರಿಗೆ ಎಚ್ಚರಗೊಳ್ಳುವ ಕಾವಲುಗಾರ ಆಂಪಿಯರಿನ ಇಪ್ಪತ್ತನೆಯ ಒಂದು ಭಾಗಕ್ಕೆ ಸಾಯುವವನನ್ನು ಹೇಗೆ ತಾನೇ ರಕ್ಷಿಸಬಲ್ಲ?

ಈ ಕೊರತೆಯನ್ನು ತುಂಬುವುದು ಅಂಗಡಿಗಳಲ್ಲಿ ಆರ್.ಸಿ.ಸಿ.ಬಿ. ಎಂಬ ಹೆಸರಿನಿಂದ ದೊರೆಯುವ ಉಪಕರಣ. ನಾವಿಲ್ಲಿ ಅದನ್ನು ಸೋರಿಕೆರಕ್ಷಕ ಎಂದು ಕರೆಯೋಣ. ಅದರ ತತ್ತ್ವ ಬಹಳ ಸರಳ, ಬಹಳ ಸುಂದರ. ಹಸಿರುಮನೆಗೆ ಹೋಗುವ ಪ್ರವಾಹದ ತಂತಿ, ಅಲ್ಲಿಂದ ಹಿಂದಿರುಗುವ ತಟಸ್ಥ ತಂತಿ, ಇವೆರಡನ್ನೂ ಕಾಂತಗುಣವುಳ್ಳ ಒಂದೇ ಬಳೆಯೊಳಗಿಂದ ಹಾಯಿಸಿರುತ್ತಾರೆ. ಹೋದಷ್ಟು ಪ್ರವಾಹವೇ ಹಿಂದಿರುಗುತ್ತಿದ್ದರೆ ಒಂದರ ಕಾಂತಪ್ರಭಾವವನ್ನು ಇನ್ನೊಂದು ಅಳಿಸಿಹಾಕುವುದರಿಂದ ಬಳೆ ನಿರ್ಲಿಪ್ತವಾಗಿರುತ್ತದೆ. ಪ್ರವಾಹದ ಒಂದು ಪಾಲು ಪಂಪಿನ ಕವಚದಿಂದಲೋ ಮನುಷ್ಯನ ಮೈಯಿಂದಲೋ ಭೂಮಿಗೆ ಸೋರಿಹೋಯಿತೆನ್ನಿ. ಹೋದದ್ದಕ್ಕೂ ಬಂದದ್ದಕ್ಕೂ ತಾಳೆ ಬೀಳುವುದಿಲ್ಲ. ಆಗ ಬಳೆಯಲ್ಲಿ ಕಾಂತತ್ವ ಉಂಟಾಗಿ, ಅದಕ್ಕೆ ಸುತ್ತಿದ ಇನ್ನೊಂದು ಸುರುಳಿಯಲ್ಲಿ ಪ್ರವಾಹ ಹುಟ್ಟಿ, ಸ್ವಿಚ್ಚು ತಾನಾಗಿ ಕಳಚಿಕೊಳ್ಳುತ್ತದೆ. ಒಳ್ಳೆಯ ಕರಣಿಕನಂತೆ ಇದು ಕೊಟ್ಟ ಲೆಕ್ಕವನ್ನೂ ಬಂದ ಲೆಕ್ಕವನ್ನೂ ಸದಾ ಹೋಲಿಸುತ್ತಿರುತ್ತದೆ.

ಮೇಲೆ ಹೇಳಿದ ಡಾಲ್ಜಿಯಲ್ ಅವರೇ 1961ರಲ್ಲಿ ಇಂತಹ ಸೂಕ್ಷ್ಮವಾದ ಉಪಕರಣವೊಂದನ್ನು ರೂಪಿಸಿದರು. ನಮ್ಮಲ್ಲಿ ಮನುಷ್ಯರ ರಕ್ಷಣೆಗೆ ಕೊಳ್ಳಬೇಕಾದುದು 30 ಮಿಲಿಆಂಪಿಯರಿನದು. ಅಷ್ಟು ಸೋರಿದರೆ ಅದು 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟು ಸೋರಿದರೆ 0.04 ಸೆಕೆಂಡಿನೊಳಗೆ ಸಂಬಂಧವನ್ನು ಕಡಿಯಬೇಕೆಂಬುದು ನಿಯಮ. ಹೃದಯದ ಒಂದು ಬಡಿತಕ್ಕೆ ಹಿಡಿಯುವ ಕಾಲ ಸುಮಾರು 0.8 ಸೆಕೆಂಡು ಎಂಬುದನ್ನು ಇದರೊಡನೆ ಹೋಲಿಸಿ. ಕೊಳ್ಳುವಾಗ ಅಂಕಿಯನ್ನು ನೋಡಿ ಕೊಳ್ಳಬೇಕು. 100 ಮತ್ತು 300 ಮಿಲಿಆಂಪಿಯರಿನವೂ ಅಂಗಡಿಯಲ್ಲಿರುತ್ತವೆ, ಅವು ಬೆಂಕಿಯ ಅನಾಹುತವನ್ನು ತಡೆಯುವುದಕ್ಕೆ.

ಸೋರಿಕೆರಕ್ಷಕವಿದ್ದರೆ ಭೂಸಂಪರ್ಕ ಬೇಡವೆ? ಬೇಕು, ಖಂಡಿತ ಬೇಕು. ಭೂಸಂಪರ್ಕವಿಲ್ಲದಿದ್ದರೆ ಕೊಳವೆಯಲ್ಲಿ ದೋಷ ಹುಟ್ಟಿದರೂ ಸೋರಲು ದಾರಿಯಿಲ್ಲದೆ ಅದು ಹೊಂಚಿ ಕೂತಿರುತ್ತದೆ. ಯಾರೋ ಬಂದು ಮುಟ್ಟಿದಾಗ ಅವರ ಮೈಯೇ ಮೊದಲ ದಾರಿಯಾಗುತ್ತದೆ. ಉಪಕರಣ ಆಗ ಕಳಚಿಕೊಂಡೀತು. ಆದರೆ ಒಬ್ಬರಿಗೆ ಆಘಾತವಾದ ಮೇಲೆ. ಭೂಸಂಪರ್ಕವಿದ್ದರೆ ದೋಷ ಹುಟ್ಟಿದ ಗಳಿಗೆಯಲ್ಲಿಯೇ, ಯಾರೂ ಮುಟ್ಟುವ ಮುನ್ನ, ಕಳಚಿಕೊಳ್ಳುತ್ತದೆ. ಸಂತೋಷದ ಸಂಗತಿಯೆಂದರೆ, ಈ ಜೊತೆಗಾರಿಕೆಯಲ್ಲಿ ಭೂಸಂಪರ್ಕ ಅತ್ಯುತ್ತಮವಾಗಿರಬೇಕಾದ ಕಟ್ಟುಪಾಡಿಲ್ಲ. ಒದ್ದೆ ಸ್ಥಳದಲ್ಲಿ ಕೊಳವೆಯ ವೋಲ್ಟೇಜು 25ನ್ನು ಮೀರಬಾರದೆಂದು ಇಟ್ಟುಕೊಂಡರೂ, 25ನ್ನು 0.03ರಿಂದ ಭಾಗಿಸಿದಾಗ 800 ಓಮಿಗಿಂತ ಹೆಚ್ಚು ಬರುತ್ತದೆ. ನಮ್ಮ 40 ಓಮಿನ ಕಂಬಿ, ಫ್ಯೂಸಿನೊಡನೆ ನಿಷ್ಪ್ರಯೋಜಕವಾಗಿದ್ದುದು, ಇಲ್ಲಿ ಧಾರಾಳವಾಗಿ ಸಾಕು. ಆದರೂ ಮಣ್ಣಿನಲ್ಲಿ ವಿದ್ಯುತ್ತನ್ನು ಒಯ್ಯುವುದು ನೀರಿನಲ್ಲಿ ಕರಗಿದ ಲವಣಗಳೇ ಆದುದರಿಂದ, ಬೇಸಗೆಯಲ್ಲಿ ನೆಲ ಒಣಗಿದಾಗ ರೋಧ ಹಲವು ಪಟ್ಟು ಏರುತ್ತದೆ. ಇದ್ದಿಲು ಉಪ್ಪು ತುಂಬಿದ ಭೂಸಂಪರ್ಕದ ಗುಂಡಿಗೆ ನಮ್ಮ ಹಿರಿಯರು ಬೇಸಗೆಯಲ್ಲಿ ಬಿಂದಿಗೆ ನೀರು ಹೊಯ್ಯುತ್ತಿದ್ದುದು ಇದಕ್ಕಾಗಿಯೇ. ಕಂಬಿಯನ್ನು ಸದಾ ತೇವವಿರುವ ಆಳಕ್ಕೆ ಇಳಿಸಿ, ರೋಧವನ್ನು ಅಳೆಯಿಸಿ ನೋಡಬೇಕು. ಪಂಪು, ಕೊಳವೆ, ಚೌಕಟ್ಟು, ಕುಂಡಗಳನ್ನಿಡುವ ಕಬ್ಬಿಣದ ಮೇಜು ಇವೆಲ್ಲವನ್ನೂ ದಪ್ಪ ತಾಮ್ರದ ತಂತಿಯಿಂದ ಒಂದಕ್ಕೊಂದು ಬೆಸೆದು ಆ ಕಂಬಿಗೆ ಸೇರಿಸಿದರೆ, ಎರಡು ಕೈಗಳಿಂದ ಎರಡು ಲೋಹಗಳನ್ನು ಹಿಡಿದವನಿಗೂ ಅವುಗಳ ನಡುವೆ ವೋಲ್ಟೇಜಿನ ಅಂತರ ಸಿಕ್ಕದು. ತಂತಿಯ ಮೇಲೆ ಕುಳಿತ ಗುಬ್ಬಚ್ಚಿಗೆ ಏನೂ ಆಗದಿರುವುದು ಇದೇ ಕಾರಣದಿಂದ. ತೋಟದ ಭೂಸಂಪರ್ಕವನ್ನು ಮನೆಯದರೊಡನೆ ಜೋಡಿಸಬೇಕೆ, ಬೇಡವೆ ಎಂಬುದು ಆ ಊರಿನ ಸರಬರಾಜಿನ ರೀತಿಯನ್ನು ಅವಲಂಬಿಸುತ್ತದೆ. ಅದನ್ನು ಸ್ಥಳದಲ್ಲಿ ಅಳೆದು ನೋಡಿದವರು ನಿರ್ಧರಿಸಬೇಕು.

ಸೀಬೆಮರದ ಮೇಲಿನ ತಂತಿಯ ವಿಷಯವಾಗಿಯೂ ಒಂದು ಮಾತು. ಗಾಳಿಗೆ ಕೊಂಬೆ ತೂಗಿದಂತೆ ತಂತಿಯ ಹೊದಿಕೆ ಸವೆಯುತ್ತದೆ, ಬಿಸಿಲಿಗೆ ಬಿರುಕುಬಿಡುತ್ತದೆ. ಇದಲ್ಲದೆ ಅದು ತೀರ ಸಣ್ಣದು. ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ 39 ಓಮ್. ಹೋಗಿಬರುವ 50 ಮೀಟರಿಗೆ ಸುಮಾರು 2 ಓಮ್. ಫ್ಯಾನು ಪಂಪು ಸೇರಿ 6 ಆಂಪಿಯರ್ ಎಳೆದಾಗ 12 ವೋಲ್ಟು ದಾರಿಯಲ್ಲಿಯೇ ಕಳೆದು, 70 ವಾಟಿನಷ್ಟು ಶಾಖ ತಂತಿಯಲ್ಲಿ ಹುಟ್ಟುತ್ತದೆ. ಮೋಟಾರು ಹೊರಡುವಾಗ ಐದಾರು ಪಟ್ಟು ಪ್ರವಾಹ ಬೇಕು. ಆಗಿನ ನಷ್ಟವನ್ನು ವಾಚಕರೇ ಲೆಕ್ಕ ಹಾಕಬಹುದು. 2.5 ಚದರ ಮಿಲಿಮೀಟರಿನ ತಂತಿಯಾದರೆ ಆರು ಆಂಪಿಯರಿಗೆ ನಷ್ಟ ಎರಡು ವೋಲ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದನ್ನು ಉಕ್ಕಿನ ತಂತಿಯ ಕವಚವುಳ್ಳ ಕೇಬಲ್ಲಿನ ರೂಪದಲ್ಲಿ ಮುಕ್ಕಾಲು ಮೀಟರು ಆಳದಲ್ಲಿ, ಮರಳಿನ ಹಾಸಿನ ಮೇಲೆ ಹೂಳಿ, ಮೇಲೆ ಇಟ್ಟಿಗೆ ಜೋಡಿಸಬೇಕು. ಕವಚಕ್ಕೂ ಭೂಸಂಪರ್ಕ ಬೇಕು. ಹೆಗ್ಗಣದ ಹಲ್ಲಿಗೆ ಉಕ್ಕು, ತೋಟದವನ ಹಾರೆಗೆ ಇಟ್ಟಿಗೆ ಉತ್ತರ ಹೇಳುತ್ತವೆ. ಕೇಬಲ್ಲು ಹೋದ ದಾರಿಯ ನಕ್ಷೆಯೊಂದನ್ನು ಬರೆದು ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲಿಗೆ ಅಂಟಿಸುವುದು ಒಳ್ಳೆಯದು. ಹತ್ತು ವರ್ಷಗಳ ಮೇಲೆ ಅಗೆಯುವವನು ನಾವೇ ಆಗಿರಬೇಕೆಂದಿಲ್ಲ.

ಒಳಗೆ ಬಳಸುವ ಪೆಟ್ಟಿಗೆ, ದೀಪ, ಸಾಕೆಟ್ಟುಗಳ ಮೇಲೆ ಐ.ಪಿ. 65 ಎಂಬ ಗುರುತಿರಲಿ. ಮೊದಲ ಅಂಕಿ 6 ಧೂಳನ್ನು ಪೂರ್ತಿಯಾಗಿ ತಡೆಯುವುದನ್ನೂ, ಎರಡನೆಯ 5 ಯಾವ ದಿಕ್ಕಿನಿಂದಾದರೂ ಹಾರಿಬರುವ ನೀರಿನ ಧಾರೆಯನ್ನು ತಡೆಯುವುದನ್ನೂ ಸೂಚಿಸುತ್ತವೆ. ಆದರೆ ಹೊರಗಿನ ನೀರನ್ನು ತಡೆದ ಪೆಟ್ಟಿಗೆ ಒಳಗಿನ ಆವಿಯನ್ನೇನು ಮಾಡೀತು? ಆದುದರಿಂದ ತಳದಲ್ಲಿ ನೀರು ಇಳಿಯಲು ಅದಕ್ಕೆಂದೇ ಮಾಡಿದ ಸೋರುರಂಧ್ರದ ಬಿರಡೆಯುಳ್ಳ ಪೆಟ್ಟಿಗೆಯೇ ಮೇಲು. ತಂತಿಗಳು ಕೆಳಗಿನಿಂದ, ಒಮ್ಮೆ ಕೆಳಕ್ಕೆ ಬಾಗಿ, ಒಳಹೊಗಬೇಕು. ಹರಿದುಬಂದ ಹನಿ ಆ ಬಾಗಿನಲ್ಲಿ ತೊಟ್ಟಿಕ್ಕಿಹೋಗುತ್ತದೆ. ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ಸ್ವಿಚ್ಚು ಬಾಗಿಲ ಬಳಿ, ನೀರು ಸಿಡಿಯದ ಎತ್ತರದಲ್ಲಿರಲಿ.

ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ 230 ವೋಲ್ಟನ್ನು ಎಷ್ಟು ಸಾಧ್ಯವೋ ಅಷ್ಟು ಕಡಮೆ ಒಳಗೆ ತರುವುದು. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ರಾತ್ರಿ ಹೋಗುವವರು ಸೇವಂತಿಗೆಯ ಹೊಲಗಳ ಮೇಲೆ ಸಾಲುಸಾಲಾಗಿ ದೀಪ ಹತ್ತಿರುವುದನ್ನು ಕಂಡಿರಬಹುದು. ಸೇವಂತಿಗೆ ದೀರ್ಘವಾದ ಇರುಳಿಗಾಗಿ ಕಾದು ಹೂಬಿಡುವ ಗಿಡ. ಇರುಳನ್ನು ಬೆಳಕಿನಿಂದ ಮುರಿದರೆ ಹೂಬಿಡುವುದನ್ನು ಮುಂದೂಡಿ ಎಲೆಕಾಂಡಗಳನ್ನು ಬೆಳೆಸುತ್ತದೆ. ಇದಕ್ಕೆ ಬೇಕಾದ ಎಲ್.ಇ.ಡಿ. ದೀಪಗಳು 24 ವೋಲ್ಟಿನಲ್ಲಿಯೂ ದೊರೆಯುತ್ತವೆ. ನೀರನ್ನು ತೆರೆದು ಮುಚ್ಚುವ ವಿದ್ಯುತ್ ಕವಾಟಗಳು ಸಾಮಾನ್ಯವಾಗಿ 24 ವೋಲ್ಟಿನವೇ. ಎರಡು ಸುರುಳಿಗಳನ್ನು ಪೂರ್ತಿ ಬೇರ್ಪಡಿಸಿದ ಸುರಕ್ಷಿತ ಟ್ರಾನ್ಸ್‌ಫಾರ್ಮರನ್ನು ಮನೆಯ ಒಣಗೋಡೆಯ ಮೇಲಿಟ್ಟು ಅಲ್ಲಿಂದ ಈ 24 ವೋಲ್ಟನ್ನು ಒಯ್ದರೆ, ದೊಡ್ಡ ವೋಲ್ಟೇಜು ಬೇಕಾಗುವುದು ಫ್ಯಾನು ಪಂಪುಗಳಿಗೆ ಮಾತ್ರ.

ಇಷ್ಟನ್ನು ಓದಿ ನಮ್ಮ ವಿದ್ಯಾರ್ಥಿ ವಾಚಕರು ತಾವೇ ಇಕ್ಕಳ ಹಿಡಿದು ಹೊರಡುವಂತಿಲ್ಲ. ಪರವಾನಗಿ ಪಡೆದ ಗುತ್ತಿಗೆದಾರನಿಂದಲೇ ಈ ಕೆಲಸವನ್ನು ಮಾಡಿಸಬೇಕೆಂಬುದು ನಮ್ಮ ದೇಶದ ಕಾನೂನು. ವಿದ್ಯಾರ್ಥಿಗೆ ಉಳಿದಿರುವ ಕೆಲಸ ಪ್ರಶ್ನೆ ಕೇಳುವುದು: ಸೋರಿಕೆರಕ್ಷಕ ಎಷ್ಟು ಮಿಲಿಆಂಪಿಯರಿನದು, ಭೂಸಂಪರ್ಕದ ರೋಧವನ್ನು ಅಳೆದಿರಾ, ಎಷ್ಟು ಬಂದಿತು? ಮಿತ್ರರ ಮನೆಗೆ ಎರಡನೆಯ ಸಲ ಬಂದ ಗುತ್ತಿಗೆದಾರ ಅಳತೆಯ ಯಂತ್ರವನ್ನು ಜೊತೆಗೇ ತಂದಿದ್ದ. ನಮಗೆ ಅವನ ಮೇಲೆ ಅಲ್ಲಿಯೇ ಗೌರವ ಹುಟ್ಟಿತು. ಹಸಿರುಮನೆಗೆ ಬೇರೆಯೇ ಒಂದು ಸೋರಿಕೆರಕ್ಷಕವನ್ನು ಅವನು ಇಟ್ಟ. ಇಡೀ ಮನೆಗೆ ಒಂದೇ ಇದ್ದರೆ ತೋಟದ ದೋಷಕ್ಕೆ ಮನೆಯೆಲ್ಲ ಕತ್ತಲಾಗುತ್ತದೆ, ಆಗ ಬೇಸತ್ತು ಅದನ್ನೇ ಕಿತ್ತುಹಾಕುವವರುಂಟು ಎಂಬುದು ಅವನ ಅನುಭವ.

ಅವನ ಮಾತು ನಿಜವಾಗಲು ಬಹಳ ದಿನ ಬೇಕಾಗಲಿಲ್ಲ. ಮೊದಲ ಮಳೆಯ ಮರುದಿನ ಬೆಳಗ್ಗೆ ಉಪಕರಣ ಕಳಚಿಕೊಂಡಿತು. ಮೇಲೆತ್ತಿದರೆ ಮತ್ತೆ ಕಳಚಿಕೊಂಡಿತು. ಮಿತ್ರರು ದೂರವಾಣಿಯಲ್ಲಿ, “ಇದು ಕೆಟ್ಟಿದೆ, ತೆಗೆಸಿಬಿಡಲೆ?” ಎಂದು ಕೇಳಿದರು. ಫ್ಯಾನು, ಪಂಪು ಎಲ್ಲದರ ಪ್ಲಗ್ಗು ಕಿತ್ತು, ಒಂದೊಂದಾಗಿ ಹಾಕಿನೋಡಿ ಎಂದೆವು. ಅರ್ಧ ಗಂಟೆಯಲ್ಲಿ ಕಳ್ಳ ಸಿಕ್ಕಿಬಿದ್ದ: ಹಳೆಯ ಫ್ಯಾನಿನ ತಂತಿ, ಎಲ್ಲಿಯೋ ಇಲಿ ಕಡಿದು ಬರಿದಾದ ಜಾಗ ಒದ್ದೆಯ ಚೌಕಟ್ಟಿಗೆ ತಾಗಿತ್ತು.

ಸೋರಿಕೆರಕ್ಷಕದ ಮುಖದ ಮೇಲೆ ಪರೀಕ್ಷೆಗೆಂದು ಒಂದು ಪುಟ್ಟ ಗುಂಡಿಯಿರುತ್ತದೆ. ಒತ್ತಿದರೆ ಕೃತಕವಾದ ಸೋರಿಕೆಯುಂಟಾಗಿ ಉಪಕರಣ ಕಳಚಿಕೊಳ್ಳಬೇಕು. ಭೂಸಂಪರ್ಕ ಸರಿಯಿದೆಯೆ ಎಂಬುದನ್ನು ಇದು ಹೇಳುವುದಿಲ್ಲ, ಅದಕ್ಕೆ ಅಳತೆಯೇ ಆಗಬೇಕು. ಬಹುಕಾಲ ಅಲುಗದ ಸ್ವಿಚ್ಚು ಅಂಟಿಕೊಳ್ಳುವ ಸಂಭವವಿರುವುದರಿಂದ ಆಗಾಗ ಒತ್ತಿನೋಡಬೇಕು. ಮಿತ್ರರ ಮನೆಯಲ್ಲಿ ಈ ಕೆಲಸವನ್ನು ಅವರ ತಾಯಿಯವರು ವಹಿಸಿಕೊಂಡಿದ್ದಾರೆ. ಪ್ರತಿ ಅಮಾವಾಸ್ಯೆಯ ಬೆಳಗ್ಗೆ ಗುಂಡಿಯನ್ನು ಒತ್ತಿ, ಟಪ್ಪೆಂಬ ಸದ್ದು ಕೇಳಿದ ಮೇಲೆ ಸ್ವಿಚ್ಚನ್ನು ಮೇಲೆತ್ತಿ, ಅನಂತರ ಹೂವು ಕೊಯ್ಯಲು ಹೋಗುತ್ತಾರೆ.